ಡಿಸ್‌ಪ್ಲೇ ಹಾಕಿಸಿದ ಮ್ಯಾಲ 'ಅನ್‌ನೋನ್ ಪಾರ್ಟ್' ಅಂತ ಬರಾಕತ್ತೈತಿ, ಕಂಪನಿಯವ್ರು ಫೋನ್ ಬಂದ್ ಮಾಡ್ತಾರೇನ್ರಿ?

ಪ್ರಶ್ನೆ: ನಾನು ಸಿಂಧನೂರಿನ ಹೈಸ್ಕೂಲ್ ಟೀಚರ್. ಮಗ ಬೆಂಗಳೂರಾಗ ಕೆಲಸ ಮಾಡ್ತಾನ, ತಾ ವಾಪರಿಸ್ತಿದ್ದ ಐಫೋನ್ 13 ನನಗ ಕೊಟ್ಟಾನ. ಹೋದ ತಿಂಗಳ ಕೈ ಜಾರಿ ಬಿದ್ದು ಡಿಸ್‌ಪ್ಲೇ ಒಡೀತು. ಕಂಪನಿ ಸೆಂಟರ್‌ಗೆ ಹೋಗ್ಬೇಕಂದ್ರ ಒಂದಿಡೀ ದಿನ ರಜಾ ಹಾಕ್ಬೇಕು, ರೇಟೂ ಭಾಳ ಅಂದ್ರು, ಅದಕ್ಕ ಬಜಾರದಾಗ ಹಾಕಿಸಿದೆ. ಫೋನ್ ನಡೀತದ, ಮುಖ ನೋಡಿ ಫೋನ್ ತೆರಿಯೋ ಫೇಸ್ ಐಡಿನೂ ನಡೀತದ, ಆದ್ರ ಸೆಟ್ಟಿಂಗ್ಸ್‌ದಾಗ 'ಅನ್‌ನೋನ್ ಪಾರ್ಟ್' ಅಂತ ತೋರಿಸ್ತದ, ಟ್ರೂ ಟೋನ್ ಅನ್ನೋದು ಕಾಣವಲ್ದು. ನನ್ನ ತಮ್ಮನ ಮಗ ಅಂತಾನ, ಡುಪ್ಲಿಕೇಟ್ ಹಾಕ್ಸಿದ್ದು ಕಂಪನಿಗೆ ಗೊತ್ತಾಗಿರ್ತದ, ಮುಂದಿನ ಅಪ್‌ಡೇಟ್‌ಗೆ ಫೋನ್ ಲಾಕ್ ಮಾಡ್ತಾರ, ಬ್ಯಾಂಕ್ ಆ್ಯಪ್ ತೆಗೀರಿ ಅತ್ತೆ ಅಂತ. ಅಂಗಡಿಯವ್ರು ಐಸಿ ಅಂದ್ರ ಡಿಸ್‌ಪ್ಲೇದಾಗಿನ ಸಣ್ಣ ಚಿಪ್ ಬದಲಿ ಮಾಡಿದ್ರ ಮೆಸೇಜ್ ಹೋಗ್ತದ, ಇನ್ನೊಂದಿಷ್ಟು ರೊಕ್ಕ ಆಗ್ತದ ಅಂತಾರ. ಇನ್ನೊಂದು ಮಾತು, ನಮ್ಮ ಯಜಮಾನ್ರದು ಗೊಬ್ಬರ ಬೀಜದ ಅಂಗಡಿ, ಅದೇ ಹುಡುಗ ಉದ್ರಿ ಲೆಕ್ಕ ಇಡೋ ಆ್ಯಪ್ ಮಾಡಿ ವಾಟ್ಸಾಪ್‌ನ್ಯಾಗ ಕಳಿಸ್ಯಾನ, ರೈತರಿಗೆ ಬಾಕಿ ಮೆಸೇಜ್ ಅದೇ ಕಳಿಸ್ತದ. ಅವ್ರ ಸ್ಯಾಮ್‌ಸಂಗ್ ಫೋನ್‌ನ್ಯಾಗ ಇನ್‌ಸ್ಟಾಲ್ ಆಗವಲ್ದು, ಅಪಾಯ ಅಂತ ತೋರಿಸ್ತದ. ಇತ್ಲಾಗ ಪಕ್ಕದ ಮನಿಯವ್ರು ಪಿಎಂ ಕಿಸಾನ್ ಹೆಸರಿನ ಆ್ಯಪ್ ಹಾಕ್ಕೊಂಡು ಖಾತೆದಾಗಿನ ರೊಕ್ಕ ಕಳ್ಕೊಂಡ್ರು. ರೊಕ್ಕ ಕೊಟ್ಟು ತಗೊಂಡ ಫೋನ್ ನಮ್ಮದೋ ಕಂಪನೀದೋ ತಿಳೀವಲ್ದು.

ಉತ್ತರ:

ಅಕ್ಕಾರ ನಮಸ್ಕಾರ. ಮೊದಲ ನಿಮ್ಮ ಅಂಜಿಕಿ ಕಳೀತೀನಿ, ಆಮ್ಯಾಲ ಉಳಿದದ್ದು ಮಾತಾಡೂಣು. ನಿಮ್ಮ ಫೋನ್ ಲಾಕ್ ಆಗಂಗಿಲ್ಲ. ಬೇರೆ ಡಿಸ್‌ಪ್ಲೇ ಹಾಕ್ಸಿದ್ದಕ್ಕ ಆಪಲ್‌ನವ್ರು ದೂರದಿಂದ ಫೋನ್ ಬಂದ್ ಮಾಡಂಗಿಲ್ಲ, ಬ್ಯಾಂಕ್ ಆ್ಯಪ್‌ಗೂ ಆ ಮೆಸೇಜಿಗೂ ಸಂಬಂಧ ಇಲ್ಲ. ಗಂಗಾವತಿಯೊಳಗ ನನ್ನ ರಿಪೇರಿ ಟೇಬಲ್ ಮುಂದ ಇದೇ ಮೆಸೇಜ್ ಇರೂ ಫೋನ್ ಹಿಡ್ಕೊಂಡು ಇದೇ ಪ್ರಶ್ನೆ ಕೇಳೂ ಮಂದಿ ಭಾಳ ಬರ್ತಾರ, ಅವ್ರ ಫೋನ್ ಅಪ್‌ಡೇಟ್ ಆದಮ್ಯಾಲೂ ನಡದಾವ.

ಹಂಗಂತ ನಿಮ್ಮ ತಮ್ಮನ ಮಗ ಹೇಳಿದ್ದು ಪೂರಾ ಗಾಳಿ ಮಾತು ಅಂತ ಅನ್ನಾಕ ಬರಂಗಿಲ್ಲ, ಅದಕ್ಕ ಎರಡು ಬೇರು ಅದಾವ. ಒಂದು, ಐಫೋನ್ 6ರ ಕಾಲಕ್ಕ ಹೊರಗ ಹೋಂ ಬಟನ್ ರಿಪೇರಿ ಮಾಡಿಸಿದವ್ರ ಫೋನು ಅಪ್‌ಡೇಟ್ ಹಾಕಿದ ಕೂಡ್ಲೆ 'ಎರರ್ 53' ಅಂತ ತೋರಿಸಿ ಪೂರಾ ಸತ್ತು ಹೋಗ್ತಿದ್ವು. 2016ರಾಗ ದೊಡ್ಡ ಗದ್ದಲ ಆಯ್ತು, ಆಪಲ್‌ನವ್ರು ಹೊಸ ಅಪ್‌ಡೇಟ್ ಕೊಟ್ಟು ಆ ಫೋನ್ ಜೀವಂತ ಮಾಡಿಕೊಟ್ರು, ಆಸ್ಟ್ರೇಲಿಯಾದ ಗ್ರಾಹಕ ಆಯೋಗದವ್ರು ಕೋರ್ಟಿಗೆ ಎಳದ್ರು, 2018ರಾಗ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಬ್ಯಾರೆಯವ್ರ ಕಡೆ ರಿಪೇರಿ ಮಾಡಿಸ್ಯಾರ ಅನ್ನೂ ಒಂದ ಕಾರಣಕ್ಕ ಗ್ರಾಹಕರ ಹಕ್ಕು ಹೋಗಂಗಿಲ್ಲ ಅನ್ನೂದು ಅಲ್ಲಿ ತೀರ್ಮಾನ ಆತು. ಎರಡನೇದು ನಮ್ಮ ಬಜಾರದ್ದು. ಇಎಂಐ ಮ್ಯಾಲ ಫೋನ್ ತಗೊಂಡವ್ರು ಕಂತು ತಪ್ಪಿಸಿದ್ರ ಫೈನಾನ್ಸ್‌ನವ್ರು ಫೋನಿನ ಸ್ಕ್ರೀನ್ ಲಾಕ್ ಮಾಡಿದ್ದೈತಿ, ಅದಕ್ಕಂತ ಒಂದು ಆ್ಯಪ್ ಫೋನ್ ಕೊಡೂವಾಗ್ಲೇ ಒಳಗ ಕೂಡಿಸಿರ್ತಿದ್ರು. ಅದನ್ನ ನೋಡಿದ ಮಂದಿ ಕಂಪನಿಯವ್ರು ಏನು ಬೇಕಾದ್ರೂ ಲಾಕ್ ಮಾಡ್ತಾರ ಅಂತ ತಿಳ್ಕೊಂಡಾರ. ನಿಮ್ಮದು ಮಗ ಕೊಟ್ಟ ಫೋನ್, ಕಂತು ಬಾಕಿ ಇಲ್ಲ ಅಂದ್ರ ಅದರ ಚಿಂತಿ ನಿಮಗಿಲ್ಲ.

ಹಂಗಾದ್ರ ಆ ಮೆಸೇಜ್ ಯಾಕ ಬರ್ತೈತಿ? ಐಫೋನಿನ ಡಿಸ್‌ಪ್ಲೇ, ಬ್ಯಾಟರಿ, ಕ್ಯಾಮೆರಾ ಒಂದೊಂದಕ್ಕೂ ಒಳಗ ಸಣ್ಣ ಚಿಪ್ ಇರ್ತೈತಿ, ಅದರಾಗ ಸೀರಿಯಲ್ ನಂಬರ್ ಇರ್ತೈತಿ, ಮದರ್‌ಬೋರ್ಡ್‌ಗೆ ಆ ನಂಬರ್ ಗೊತ್ತಿರ್ತೈತಿ. ಇದಕ್ಕ ನಮ್ಮ ಲೈನ್‌ನ್ಯಾಗ ಪೇರಿಂಗ್ ಅಂತಾರ. ಪಾರ್ಟ್ ಬದಲಾತಂದ್ರ ನಂಬರ್ ಕೂಡಂಗಿಲ್ಲ, ಆಗ ಮೆಸೇಜ್ ಬರ್ತೈತಿ. ಸ್ವಲ್ಪ ದಿನ ಲಾಕ್ ಸ್ಕ್ರೀನ್ ಮ್ಯಾಲ ಕಾಣ್ತೈತಿ, ಆಮ್ಯಾಲ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗ ಹೋಗಿ ಸುಮ್ನ ಕುಂದ್ರತೈತಿ. ಟ್ರೂ ಟೋನ್ ಹೋಗಿದ್ದೂ ಇದ ಕಾರಣಕ್ಕ, ರೂಮಿನ ಬೆಳಕು ನೋಡಿ ಬಣ್ಣ ಹೊಂದಿಸಾಕ ಬೇಕಾದ ಲೆಕ್ಕ ಹಳೇ ಡಿಸ್‌ಪ್ಲೇದ ಚಿಪ್‌ನ್ಯಾಗ ಇತ್ತು, ಅದನ್ನ ಪ್ರೋಗ್ರಾಮರ್ ಅನ್ನೂ ಸಣ್ಣ ಮಶೀನ್ ಹಚ್ಚಿ ಓದಿ ಹೊಸದಕ್ಕ ಬರೀಬೇಕಿತ್ತು, ನಿಮ್ಮ ಅಂಗಡಿಯವ್ರು ಆ ಕೆಲಸ ಬಿಟ್ಟಾರ.

ಈಗ ಖರೇ ಜಗಳ ಇರೂದು ಇಲ್ಲೇ. ಕಂಪನಿಯವ್ರು ಇದೆಲ್ಲಾ ನಿಮ್ಮ ಸೇಫ್ಟಿ ಸಲುವಾಗಿ ಅಂತಾರ, ರಿಪೇರಿ ಮಂದಿ ಇದೆಲ್ಲಾ ಧಂಧೆ ಅಂತಾರ. ನಾನು ರಿಪೇರಿ ಮಂದಿ ಆದ್ರೂ ಎಲ್ಲಾನೂ ಧಂಧೆ ಅಂತ ಹೇಳಂಗಿಲ್ಲ. ಫೇಸ್ ಐಡಿ ಸೆನ್ಸರ್ ತಗೊಳ್ರಿ, ಅದನ್ನ ಯಾವನರ ಬದಲಿಸಿ ತನ್ನ ಸೆನ್ಸರ್ ಕೂಡಿಸಿ ನಿಮ್ಮ ಫೋನ್ ತೆರಿಯಂಗ ಇದ್ರ ಗತಿ ಏನು? ಅಂಥದ್ದಕ್ಕ ಪೇರಿಂಗ್ ಇರ್ಬೇಕು. ಕಳವಾದ ಫೋನ್ ಹೊಳ್ಳಿ ಆನ್ ಆಗದಂಗ ಮಾಡೂ ಆ್ಯಕ್ಟಿವೇಶನ್ ಲಾಕ್ 2013ರಾಗ ಬಂತು, ಅದೂ ಇರ್ಬೇಕು. ಆದ್ರ ಡಿಸ್‌ಪ್ಲೇ ಅಂದ್ರ ಗಾಜು ಮತ್ತ ಬೆಳಕು. ನಿಮ್ಮದೇ ಮಾಡೆಲ್ ಕಥಿ ಕೇಳ್ರಿ, 2021ರಾಗ ಐಫೋನ್ 13 ಬಂದಾಗ ಹೊರಗ ಡಿಸ್‌ಪ್ಲೇ ಬದಲಿಸಿದ್ರ ಫೇಸ್ ಐಡಿನ ಬಂದ್ ಆಗ್ತಿತ್ತು. ಫೇಸ್ ಐಡಿ ಸೆನ್ಸರ್ ಮುಟ್ಟಿಲ್ಲ, ಬರೇ ಡಿಸ್‌ಪ್ಲೇ ಬದಲಿಸೈತಿ, ಆದ್ರೂ ಬಂದ್. ರಿಪೇರಿ ಮಂದಿ ಜಗತ್ತಿನ ತುಂಬ ಕೂಗಾಡಿದ್ರು, ಎರಡು ಮೂರು ತಿಂಗಳದಾಗ ಐಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಐಒಎಸ್ 15.2 ಬಂತು, ಫೇಸ್ ಐಡಿ ನಡೀಲಾಕ ಹತ್ತಿತು. ಒಂದು ಅಪ್‌ಡೇಟ್‌ದಾಗ ಬಿಟ್ಟುಕೊಡಾಕ ಬಂತಂದ್ರ ಅದು ನಿಮ್ಮ ಸೇಫ್ಟಿಗೆ ಬೇಕೇ ಬೇಕಾಗಿದ್ದ ಬಂದೋಬಸ್ತ್ ಆಗಿರಲಿಲ್ಲ ಅಂತಾನ ಅರ್ಥ. ಇವತ್ತ ನಿಮ್ಮ ಫೇಸ್ ಐಡಿ ನಡ್ಯಾಕತ್ತಿದ್ದು ಆ ಕೂಗಾಟದಿಂದ.

ಮನಿಗೆ ಗಟ್ಟಿ ಕೀಲಿ ಹಾಕಿ ಕೊಟ್ರ ಯಾರೂ ಬ್ಯಾಡ ಅನ್ನಂಗಿಲ್ಲ, ಕೀಲಿಕೈ ಕಟ್ಟಿದವನ ಕಿಸೆದಾಗ ಉಳೀತಂದ್ರ ಕೇಳಬೇಕಾಗ್ತೈತಿ. ನಾನು ಯಾವ ಲಾಕ್ ನೋಡಿದ್ರೂ ಎರಡು ಮಾತು ಕೇಳ್ತೀನಿ, ಇದು ಕಳ್ಳನ್ನ ತಡೀತೈತೋ ಮಾಲಕರನ್ನ ತಡೀತೈತೋ, ತಡಿಯೂದಿದ್ರ ಅದನ್ನ ಬಾಯಿಬಿಟ್ಟು ಹೇಳ್ಯಾರೋ ಇಲ್ಲೋ. 2017ರ ಡಿಸೆಂಬರ್‌ನ್ಯಾಗ ಹಳೇ ಬ್ಯಾಟರಿ ಇರೂ ಐಫೋನ್ ಸ್ಪೀಡ್ ಕಡಿಮಿ ಮಾಡ್ತೀವಿ ಅಂತ ಆಪಲ್ ಒಪ್ಕೊಂತು ಅಲ್ರಿ, ಕಾರಣ ಖರೇನ ಇತ್ತು, ಸೋತ ಬ್ಯಾಟರಿ ಮ್ಯಾಲ ಫೋನ್ ತಟ್ಟಂತ ಆಫ್ ಆಗ್ತಿದ್ವು. ತಪ್ಪಾಗಿದ್ದು ಹೇಳದ ಮಾಡಿದ್ದು. ಬ್ಯಾಟರಿ ಬದಲಿಸಿದ್ರ ಸಾಕಾಗ್ತಿದ್ದಲ್ಲಿ ಮಂದಿ ಹೊಸ ಫೋನ್ ತಗೊಂಡ್ರು. 2020ರಾಗ ಫ್ರಾನ್ಸ್‌ನವ್ರು 2.5 ಕೋಟಿ ಯುರೋ ದಂಡ ಹಾಕಿದ್ದೂ ಗ್ರಾಹಕರಿಗೆ ಹೇಳಲಿಲ್ಲ ಅನ್ನೂದಕ್ಕ. ಈ ಲೆಕ್ಕದಾಗ ನೋಡಿದ್ರ 'ಅನ್‌ನೋನ್ ಪಾರ್ಟ್' ಮೆಸೇಜ್ ಮ್ಯಾಲ ನನ್ನ ಸಿಟ್ಟಿಲ್ಲ, ಸೆಕೆಂಡ್ ಹ್ಯಾಂಡ್ ತಗೊಳ್ಳೂವ್ರಿಗೆ ಒಳಗ ಏನು ಬದಲಾಗೈತಿ ಅಂತ ಗೊತ್ತಾಗ್ಬೇಕು. ಮೆಸೇಜ್ ಹಾಕ್ರಿ, ಆದ್ರ ಅದರ ಜೋಡಿ ಫೀಚರ್ ಕಸ್ಕೋಬ್ಯಾಡ್ರಿ, ಇಷ್ಟ ನಾನು ಹೇಳೂದು.

ಬ್ಯಾಂಕ್ ಆ್ಯಪ್ ಮಾತಿಗೆ ಬರ್ತೀನಿ. ಬೇರೆ ಡಿಸ್‌ಪ್ಲೇ ಹಾಕಿ ನಿಮ್ಮ ಪಾಸ್‌ವರ್ಡ್ ಕದಿಯಾಕ ಆಗ್ತೈತೇನು ಅಂದ್ರ, ಲ್ಯಾಬ್‌ನ್ಯಾಗ ಆಗೈತಿ. 2017ರಾಗ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದವ್ರು ಎರಡು ಆಂಡ್ರಾಯ್ಡ್ ಡಿವೈಸಿನ ಟಚ್ ಸ್ಕ್ರೀನ್‌ಗೆ ಬ್ಯಾರೆ ಚಿಪ್ ಕೂಡಿಸಿ ತೋರಿಸಿಕೊಟ್ಟಾರ. ಆದ್ರ ಬಜಾರದಾಗ ಬರೂ ಕಾಪಿ ಡಿಸ್‌ಪ್ಲೇದಾಗ ಅಂಥದ್ದು ನಾ ಎಂದೂ ನೋಡಿಲ್ಲ. ನಾವು ಅಂಜಬೇಕಾಗಿದ್ದು ಬ್ಯಾರೆ ಕಡೆ ಐತಿ, ಫೋನ್ ರಿಪೇರಿಗೆ ಕೊಡೂವಾಗ ಪಾಸ್‌ಕೋಡ್ ಚೀಟಿ ಮ್ಯಾಲ ಬರದು ಕೊಟ್ಟು ಬರ್ತೀರಲ್ಲ ಅಲ್ಲಿ. ಫೋಟೋ, ವಾಟ್ಸಾಪ್, ಯುಪಿಐ ಎಲ್ಲಾ ಬಿಚ್ಚಿಟ್ಟಂಗ ಆಗ್ತೈತಿ. ಡಿಸ್‌ಪ್ಲೇ ಬದಲಿಸಾಕ ಪಾಸ್‌ಕೋಡ್ ಬೇಕಾಗಂಗಿಲ್ಲ ಅಕ್ಕಾರ, ಟಚ್ ಚೆಕ್ ಮಾಡಾಕ ನೀವ ಎದುರಿಗೆ ನಿಂತು ತಗದು ಕೊಡ್ರಿ. ಸ್ಯಾಮ್‌ಸಂಗ್‌ದಾಗ ಮೆಂಟೆನೆನ್ಸ್ ಮೋಡ್ ಅಂತ ಐತಿ, ಗೂಗಲ್‌ನವ್ರ ಪಿಕ್ಸೆಲ್ ಫೋನ್‌ದಾಗ ರಿಪೇರ್ ಮೋಡ್ ಐತಿ, ಅದನ್ನ ಹಾಕಿ ಕೊಟ್ರ ರಿಪೇರಿ ಮಾಡೂವ್ರಿಗೆ ಫೋನ್ ನಡಸಾಕ ಬರ್ತೈತಿ, ನಿಮ್ಮ ಫೋಟೋ ಮೆಸೇಜ್ ಕಾಣಂಗಿಲ್ಲ. ಐಫೋನ್‌ದಾಗ ಹಂಗಿಲ್ಲ. ನಿಮ್ಮ ಅಂಗಡಿಯವ್ರಿಗೆ ಪಾಸ್‌ಕೋಡ್ ಕೊಟ್ಟಿದ್ರ ಇವತ್ತ ಅದನ್ನ ಬದಲಿಸ್ರಿ, ಡಿಸ್‌ಪ್ಲೇ ಚಿಂತಿ ಆಮ್ಯಾಲ.

ಈಗ ಏನು ಮಾಡೂದು. ಒಂದು ದಾರಿ ಏನೂ ಮಾಡದ ಹಂಗ ಬಿಡೂದು, ನಿಮಗ ಬಣ್ಣ ಕಣ್ಣಿಗೆ ಹೊಂದಿದ್ರ ಅದರಾಗ ತಪ್ಪಿಲ್ಲ. ಆದ್ರ ಹಾಕಿದ್ದು ಯಾವ ಡಿಸ್‌ಪ್ಲೇ ಅಂತ ಕೇಳ್ಕೊಳ್ರಿ. ಐಫೋನ್ 13ಕ್ಕ ಬಜಾರದಾಗ ಇನ್‌ಸೆಲ್, ಹಾರ್ಡ್ ಒಎಲ್ಇಡಿ, ಸಾಫ್ಟ್ ಒಎಲ್ಇಡಿ, ಒರಿಜಿನಲ್ ಅಂತ ಬರ್ತಾವ. ಇನ್‌ಸೆಲ್ ಅಂದ್ರ ಎಲ್‌ಸಿಡಿ, ಅಗ್ಗದ್ದು, ದಪ್ಪ ಇರ್ತೈತಿ, ಕರಿ ಬಣ್ಣ ಬೂದಿ ಕಂಡಂಗ ಕಾಣ್ತೈತಿ, ಬ್ಯಾಟರಿ ಜಲ್ದಿ ತಿಂತೈತಿ. ಹಾರ್ಡ್ ಒಎಲ್ಇಡಿ ಬಿದ್ರ ಲಗೂ ಒಡೀತೈತಿ. ಸಾಫ್ಟ್ ಹಾಕಿದ್ರ ನಡೀತೈತಿ ಬಿಡ್ರಿ. ಒಮ್ಮೆ ಬಿಚ್ಚಿದ ಫೋನ್ ಮೊದಲಿನಂಗ ನೀರು ತಡಿಯಂಗಿಲ್ಲ, ಇದು ಯಾವುದು ಹಾಕಿಸಿದ್ರೂ ಐತಿ.

ಐಸಿ ಬದಲಿ ಬ್ಯಾಡ್ರಿ. ಹಳೇ ಡಿಸ್‌ಪ್ಲೇದ ಚಿಪ್ಪನ್ನ ಬಿಸಿ ಗಾಳಿಗೆ ಕಿತ್ತು ಹೊಸದರ ಮ್ಯಾಲ ಕೂಡಿಸೂ ಕೆಲಸ ಅದು, ಮೈಕ್ರೋಸ್ಕೋಪ್ ಬೇಕು, ಕೈ ಸ್ಥಿರ ಬೇಕು, ಸ್ವಲ್ಪ ಶಾಖ ಹೆಚ್ಚಾತಂದ್ರ ಚಲೋ ನಡ್ಯಾಕತ್ತಿದ್ದ ಡಿಸ್‌ಪ್ಲೇನ ಹೋಗ್ತೈತಿ. ಅಷ್ಟು ಮಾಡಿದ್ರೂ ಸಿಗೂದು ಏನು, ಮೆಸೇಜ್ ಮಾಯ ಆಗ್ತೈತಿ ಅಷ್ಟ, ಕಾಪಿ ಕಾಪಿನ ಉಳೀತೈತಿ. ನಾಳೆ ನೀವು ಆ ಫೋನ್ ಮಾರಿದ್ರ ತಗೊಂಡವ್ರಿಗೆ ಗೊತ್ತಾಗದಂಗ ಮೋಸ ಆಗ್ತೈತಿ. ಟ್ರೂ ಟೋನ್ ಅಷ್ಟ ಬೇಕಂದ್ರ ಚಿಪ್ ಕೀಳೂದು ಬ್ಯಾಡ, ಪ್ರೋಗ್ರಾಮರ್ ಇರೂ ಅಂಗಡಿಯೊಳಗ ಹಳೇದರ ಡೇಟಾ ಓದಿ ಹೊಸದಕ್ಕ ಬರಸ್ರಿ.

ನಿಮ್ಮ ಹಳೇ ಡಿಸ್‌ಪ್ಲೇ ಎಲ್ಲೈತಿ ಅಕ್ಕಾರ? ಇದನ್ನ ನೀವು ಬರದಿಲ್ಲ. ಬಿದ್ದಾಗ ಬರೇ ಮ್ಯಾಲಿನ ಗ್ಲಾಸ್ ಒಡದು, ಒಳಗಿನ ಚಿತ್ರ ಚಲೋ ಕಾಣ್ತಿದ್ದು, ಟಚ್‌ನೂ ಕೆಲಸ ಮಾಡ್ತಿದ್ರ ಡಿಸ್‌ಪ್ಲೇ ಬದಲಿಸೂದ ಬೇಕಿರಲಿಲ್ಲ. ಗ್ಲಾಸ್ ಚೇಂಜ್ ಅಂತ ಮಾಡ್ತಾರ, ಒಡದ ಗ್ಲಾಸ್ ಬ್ಯಾರೆ ಮಾಡಿ ಹೊಸ ಗ್ಲಾಸ್ ಕೂಡಸ್ತಾರ, ಚಿತ್ರ ತೋರಿಸೂ ಒಳಗಿನ ಪ್ಯಾನೆಲ್ ಕಂಪನೀದ ಉಳೀತೈತಿ, ಚಿಪ್‌ನೂ ಅದ ಇರ್ತೈತಿ, ಹಂಗಾಗಿ ಮೆಸೇಜೂ ಬರಂಗಿಲ್ಲ, ಟ್ರೂ ಟೋನೂ ಹೋಗಂಗಿಲ್ಲ, ಖರ್ಚೂ ಕಡಿಮಿ. ಗ್ಲಾಸ್ ತಗಿಯೂವಾಗ ಪ್ಯಾನೆಲ್ ಮ್ಯಾಲ ಗೆರಿ ಬೀಳೂ ಅಪಾಯ ಐತಿ, ಅದಕ್ಕ ಮಶೀನ್ ಇದ್ದವ್ರ ಕಡೆನ ಕೊಡ್ಬೇಕು, ಗೆರಿ ಬಿದ್ರ ಯಾರ ಜವಾಬ್ದಾರಿ ಅಂತ ಮೊದಲ ಮಾತಾಡ್ಬೇಕು. ಇಂಥ ಪ್ಯಾನೆಲ್‌ಗೆ ಬಜಾರದಾಗ ರೇಟ್ ಐತಿ, ಅದಕ್ಕ ಕೆಲವು ಕಡೆ ಒಡದದ್ದನ್ನ ಗ್ರಾಹಕರಿಗೆ ಹೊಳ್ಳಿ ಕೊಡಂಗಿಲ್ಲ, ಅವ್ರೂ ಕೇಳಂಗಿಲ್ಲ. ನೀವು ಹೋಗಿ ಕೇಳ್ರಿ, ಅದು ನಿಮ್ಮ ಮಾಲು.

ಇನ್ನೊಂದು ದಾರಿ ಬ್ಯಾರೆ ಐಫೋನ್ 13ರಿಂದ ತಗದ ಒರಿಜಿನಲ್ ಡಿಸ್‌ಪ್ಲೇ. ಮೊದಲ ಇದಕ್ಕೂ ಮೆಸೇಜ್ ಬರ್ತಿತ್ತು, 2024ರಾಗ ಐಒಎಸ್ 18 ಬಂದಮ್ಯಾಲ ಫೋನ್ ಒಳಗ ರಿಪೇರ್ ಅಸಿಸ್ಟೆಂಟ್ ಬಂತು, ಪಾರ್ಟ್ಸ್ ಹಿಸ್ಟರಿ ಒಳಗ ರಿಪೇರಿ ಮುಗಸಾಕ ಆಯ್ಕೆ ಕಂಡ್ರ ಅದನ್ನ ಒತ್ತಿ ನೆಟ್ ಮ್ಯಾಲ ನೀವ ಹೊಂದಿಸ್ಕೋಬಹುದು, ಮೆಸೇಜ್‌ದಾಗ 'ಯೂಸ್ಡ್' ಅಂತ ಖರೇ ಮಾತು ಬರ್ತೈತಿ. ಆದ್ರ ಆ ಪಾರ್ಟು ಕಳವಾದ ಫೋನಿಂದ ಬಂದಿತ್ತಂದ್ರ ಈಗ ಪಾರ್ಟಿಗೂ ಆ್ಯಕ್ಟಿವೇಶನ್ ಲಾಕ್ ಹಚ್ಚ್ಯಾರ, ಹಳೇ ಮಾಲಕರ ಪಾಸ್‌ವರ್ಡ್ ಕೇಳ್ತೈತಿ. ಈ ಲಾಕ್‌ಗೆ ನನ್ನ ಪೂರಾ ಒಪ್ಗಿ ಐತಿ. ಕಂಪನಿ ಸೆಂಟರ್ ದಾರಿ ನಿಮಗ ಗೊತ್ತ ಐತಿ, ದುಬಾರಿ ಆದ್ರೂ ತಲಿಬ್ಯಾನಿ ಕಡಿಮಿ, ಹೋಗೂ ಮೊದಲ ಒಮ್ಮೆ ಫೋನ್ ಮಾಡಿ ಹೊರಗ ಬಿಚ್ಚಿದ ಫೋನ್ ತಗೋತೀರೇನು ಅಂತ ಕೇಳಿ ಹೋಗ್ರಿ.

ಡಿಸ್‌ಪ್ಲೇದಾಗ ಕಾಪಿ ಹಾಕಿದ್ರ ಕಣ್ಣಿಗೆ ತ್ರಾಸು ಅಷ್ಟ, ಬ್ಯಾಟರಿಯೊಳಗ ಹಂಗಲ್ಲ. ನಮ್ಮ ರಾಯಚೂರು ಬಳ್ಳಾರಿ ಬ್ಯಾಸಿಗಿ 40 ಡಿಗ್ರಿ ದಾಟ್ತೈತಿ, ಅಗ್ಗದ ಬ್ಯಾಟರಿ ಆ ಬಿಸಿಲಿಗೆ ಉಬ್ಬಿ ಡಿಸ್‌ಪ್ಲೇನ ಮ್ಯಾಲ ಎತ್ತಿದ್ದು ಪ್ರತಿ ಬ್ಯಾಸಿಗಿಗೂ ನೋಡ್ತೀನಿ. ಮುಂದ ಬ್ಯಾಟರಿ ಬದಲಿಸೂ ಸಮಯ ಬಂದ್ರ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಗುರುತು, ಆರ್ ಅಂತ ಶುರು ಆಗೂ ನಂಬರ್ ಬ್ಯಾಟರಿ ಮ್ಯಾಲ ಐತೇನು ನೋಡ್ರಿ, ಇಲ್ಲಂದ್ರ ಹಾಕಿಸಬ್ಯಾಡ್ರಿ. ಇಲ್ಲಿ ರೊಕ್ಕ ಉಳಸಾಕ ಹೋಗೂದು ಬ್ಯಾಡ.

ಇನ್ನು ಯಜಮಾನ್ರ ಫೋನು. ಪಕ್ಕದ ಮನಿಯವ್ರಿಗೆ ಆಗಿದ್ದು ಮತ್ತ ನಿಮ್ಮ ಹುಡುಗನ ಆ್ಯಪ್ ಎರಡೂ ಒಂದ ಬಾಗ್ಲದಿಂದ ಬರೂವು, ಅದಕ್ಕ ಫೋನಿಗೆ ಎರಡೂ ಒಂದ ಕಂಡಂಗ ಕಾಣ್ತಾವ. ಪಿಎಂ ಕಿಸಾನ್, ಆರ್‌ಟಿಒ ಚಲನ್, ಮದುವಿ ಕಾರ್ಡ್ ಅಂತ ಹೆಸರಿಟ್ಟು ವಾಟ್ಸಾಪ್‌ನ್ಯಾಗ ಬರೂ ಎಪಿಕೆ ಫೈಲ್, ಅಂದ್ರ ಪ್ಲೇ ಸ್ಟೋರ್ ಬಿಟ್ಟು ಹೊರಗಿಂದ ಹಾಕ್ಕೊಳ್ಳೂ ಆ್ಯಪಿನ ಫೈಲ್, ಮಾಡೂ ಕೆಲಸ ಒಂದ, ಎಸ್‌ಎಂಎಸ್ ಓದೂ ಪರ್ಮಿಷನ್ ಇಸ್ಕೊಂಡು ಒಟಿಪಿ ಕದಿಯೂದು. ಗೂಗಲ್‌ನವ್ರು 2024ರ ಅಕ್ಟೋಬರ್‌ನ್ಯಾಗ ಭಾರತದಾಗ ಒಂದು ತಡೆ ಶುರು ಮಾಡ್ತೀವಿ ಅಂತ ಹೇಳಿದ್ರು, ಬ್ರೌಸರ್ ಇಲ್ಲಾ ಮೆಸೇಜ್ ಆ್ಯಪಿಂದ ಬಂದ ಎಪಿಕೆ ಎಸ್‌ಎಂಎಸ್ ಓದೂದು, ನೋಟಿಫಿಕೇಶನ್ ಓದೂದು, ಸ್ಕ್ರೀನ್ ನೋಡಿ ಫೋನ್ ನಡಸೂ ಆ್ಯಕ್ಸೆಸಿಬಿಲಿಟಿ ಇವು ಕೇಳಿದ್ರ ಆಂಡ್ರಾಯ್ಡ್ ಫೋನಿನ ಕಾವಲುಗಾರ ಪ್ಲೇ ಪ್ರೊಟೆಕ್ಟ್ ತಾನ ನಿಲ್ಲಸ್ತೈತಿ. ನಿಮ್ಮ ಹುಡುಗ ಬಾಕಿ ಮೆಸೇಜ್ ಕಳಿಸೂ ಪರ್ಮಿಷನ್ ಜೋಡಿ ಓದೂ ಪರ್ಮಿಷನ್ನೂ ಹಾಕಿರ್ಬೇಕು, ಅದನ್ನ ಮೊದಲ ನೋಡ್ಲಿ. ಎಸ್‌ಎಂಎಸ್ ಪರ್ಮಿಷನ್ ಪೂರಾ ತಗದು, ಬಾಕಿ ಮೊತ್ತ ಒತ್ತಿದ್ರ ವಾಟ್ಸಾಪ್ ತೆರೆದು ಅಲ್ಲಿಂದ ಕಳಿಸೂವಂಗ ಮಾಡ್ಲಿ, ಅರ್ಧ ಸಮಸ್ಯಾ ಅಲ್ಲೇ ಮುಗೀತೈತಿ. ಹೊಸ ಸ್ಯಾಮ್‌ಸಂಗ್ ಇದ್ರ ಆಟೋ ಬ್ಲಾಕರ್ ಅನ್ನೂದೂ ಇರ್ತೈತಿ, ಅದು ಆನ್ ಇದ್ರ ಹೊರಗಿನ ಯಾವ ಆ್ಯಪೂ ಕುಂದ್ರಂಗಿಲ್ಲ. ಅದನ್ನ ಆಫ್ ಮಾಡಿ ಹಾಕ್ಕೊಳ್ರಿ ಅಂತ ನಾ ಹೇಳಂಗಿಲ್ಲ, ಯಾಕಂದ್ರ ಅಂಗಡಿಯ ಯುಪಿಐ ಎಲ್ಲಾ ಅದ ಫೋನ್ ಮ್ಯಾಲ ಇರ್ತೈತಿ, ಒಮ್ಮೆ ಆಫ್ ಮಾಡಿದವ್ರು ಹೊಳ್ಳಿ ಆನ್ ಮಾಡಿದ್ದನ್ನ ನಾ ನೋಡಿದ್ದು ಕಡಿಮಿ.

ಹುಡುಗನಿಗೆ ಮುಂದಿನ ದಾರಿನೂ ಹೇಳ್ರಿ. ಯಾರು ಮಾಡ್ಯಾರ ಅಂತ ನೋಂದಣಿ ಆಗದ ಆ್ಯಪು ಆಂಡ್ರಾಯ್ಡ್ ಫೋನ್‌ನ್ಯಾಗ ಸುಲಭಕ್ಕ ಇನ್‌ಸ್ಟಾಲ್ ಆಗಂಗಿಲ್ಲ ಅಂತ ಗೂಗಲ್ 2025ರ ಆಗಸ್ಟ್‌ನ್ಯಾಗ ಹೇಳ್ತು, 2026ರ ಸೆಪ್ಟೆಂಬರ್‌ಗೆ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್, 2027ರಿಂದ ಉಳಿದ ದೇಶ ಅಂತ ಲೆಕ್ಕ ಹಾಕ್ಯಾರ. ಮುಕ್ತ ಸಾಫ್ಟ್‌ವೇರ್ ಮಂದಿ ಜೋರು ವಿರೋಧ ಮಾಡಿದ್ರು, ನವೆಂಬರ್‌ನ್ಯಾಗ ಗೂಗಲ್ ಸ್ವಲ್ಪ ಸಡಿಲ ಬಿಟ್ಟು, ತಿಳಿದವ್ರಿಗೆ ಎಚ್ಚರಿಕಿ ಕೊಟ್ಟು ಹಾಕ್ಕೊಳ್ಳೂ ದಾರಿ, ವಿದ್ಯಾರ್ಥಿಗಳಿಗೆ ಕೆಲವೇ ಫೋನಿಗೆ ಹಂಚೂ ಬ್ಯಾರೆ ಖಾತೆ ಕೊಡ್ತೀವಿ ಅಂತು. ನಿಮ್ಮ ಹುಡುಗನಂಥವ್ರ ಸಲುವಾಗಿನ ಆ ಜಗಳ ನಡದಿತ್ತು. ಆದ್ರ ಪಕ್ಕದ ಮನಿಯವ್ರು ಕಳ್ಕೊಂಡ ರೊಕ್ಕಾನೂ ಖರೇನ ಐತಿ, ಅದಕ್ಕ ಎಚ್ಚರಿಕಿ ಗೋಡೆ ಇರ್ಲಿ ಅಂತೀನಿ, ದಾಟಾಕ ಬಾರದಂಥ ಗೋಡೆ ಬ್ಯಾಡ ಅಂತೀನಿ. ಪ್ಲೇ ಸ್ಟೋರ್‌ಗೆ ಹಾಕ್ತೀನಂದ್ರ ಒಂದ ಸಲ 25 ಡಾಲರ್ ಕಟ್ಟಬೇಕು, ಹೊಸ ವೈಯಕ್ತಿಕ ಖಾತೆ ಇದ್ರ ಕನಿಷ್ಠ 12 ಮಂದಿ ಕಡೆಯಿಂದ 14 ದಿನ ಟೆಸ್ಟ್ ಮಾಡಸ್ಬೇಕು. ಒಂದು ಅಂಗಡಿ ಲೆಕ್ಕಕ್ಕ ಇಷ್ಟೆಲ್ಲಾ ಯಾಕ, ಪಾಸ್‌ವರ್ಡ್ ಇರೂ ವೆಬ್ ಪೇಜ್ ಮಾಡಿ ಹೋಂ ಸ್ಕ್ರೀನ್‌ಗೆ ಹಾಕ್ಕೊಟ್ರ ಸಾಕು, ಎಪಿಕೆನ ಬ್ಯಾಡ.

ಪಕ್ಕದ ಮನಿಯವ್ರು ಇನ್ನೂ ದೂರು ಕೊಟ್ಟಿಲ್ಲಂದ್ರ ತಡ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಮಾಡ್ಲಿ, ಬ್ಯಾಂಕಿಗೆ ತಿಳಿಸ್ಲಿ, ಆ ಫೋನ್ ಪೂರಾ ರಿಸೆಟ್ ಆಗೂತನಕ ಅದರಾಗ ಸಿಮ್ ಹಾಕಬಾರ್ದು.

ಕೊನೀದಾಗಿ ನೀವು ಕೇಳಿದ್ದು, ಫೋನ್ ನಮ್ಮದೋ ಕಂಪನೀದೋ. ಕಾನೂನಿನ ಮಾತು ಹೇಳ್ಬೇಕಂದ್ರ ಬ್ಯಾರೆ ದೇಶದವ್ರು ನಮಗಿಂತ ಮುಂದ ಅದಾರ. ಅಮೆರಿಕದ ಒರೆಗಾನ್ ರಾಜ್ಯದವ್ರು 2024ರಾಗ ಪಾರ್ಟ್ಸ್ ಪೇರಿಂಗ್ ಮಾಡಿ ರಿಪೇರಿ ತಡಿಯೂದನ್ನ ನಿಷೇಧ ಮಾಡಿದ್ರು, ಯುರೋಪಿನ್ಯಾಗ 2025ರ ಜೂನ್ 20ರಿಂದ ಬಂದ ನಿಯಮದ ಪ್ರಕಾರ ಮಾಡೆಲ್ ಮಾರಾಟ ನಿಂತಮ್ಯಾಲೂ 7 ವರ್ಷ ಮುಖ್ಯ ಪಾರ್ಟ್ ಸಿಗ್ಬೇಕು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯವ್ರು 2022ರಾಗ ರೈಟ್ ಟು ರಿಪೇರ್, ಅಂದ್ರ ರಿಪೇರಿ ಹಕ್ಕಿನ ಸಮಿತಿ ಮಾಡಿ, ಅದೇ ಡಿಸೆಂಬರ್ 24ಕ್ಕ ಪೋರ್ಟಲ್ ತೆರದ್ರು, ಟ್ರ್ಯಾಕ್ಟರಿಂದ ಹಿಡದು ಮೊಬೈಲ್ ತನಕ ಕಂಪನಿಗಳ ರಿಪೇರಿ ಮಾಹಿತಿ ಅಲ್ಲೈತಿ. ಪೋರ್ಟಲ್ ಅಂದ್ರ ಮಾಹಿತಿ ಅಷ್ಟ, ಪಾರ್ಟ್ ಕೊಡ್ಲೇಬೇಕು ಅನ್ನೂ ಒತ್ತಾಯ ಅದರಾಗ ಇಲ್ಲ. ಗಂಗಾವತಿ, ಸಿಂಧನೂರಿನಂಥ ಊರಾಗ ಕಂಪನಿ ಸೆಂಟರ್ ದೂರ, ನಮ್ಮಂಥ ಅಂಗಡಿಗೆ ಒರಿಜಿನಲ್ ಪಾರ್ಟ್ ಕಂಪನಿಯಿಂದ ಸಿಗಂಗಿಲ್ಲ, ಅದಕ್ಕ ನಿಮಗ ಕಾಪಿ ಹಾಕಿಸೂ ಪಾಳಿ ಬಂತು. ಒರಿಜಿನಲ್ ಡಿಸ್‌ಪ್ಲೇ ನಮಗೂ ನ್ಯಾಯದ ರೇಟಿಗೆ ಕೊಡ್ರಿ, ನಾವೂ ಬಿಲ್ ಕೊಟ್ಟು ಗ್ಯಾರಂಟಿ ಕೊಟ್ಟು ಹಾಕ್ತೀವಿ ಅನ್ನೂದು ನಮ್ಮ ಬೇಡಿಕೆ.

ಇನ್ನೊಂದು ನೆನಪಿಡ್ರಿ, ಈ ಹಿಡಿತ ಕಂಪನಿ ಕೈಯಾಗಷ್ಟ ಇರಂಗಿಲ್ಲ. 2025ರ ನವೆಂಬರ್ ಕೊನಿಗೆ ಎಲ್ಲಾ ಹೊಸ ಫೋನ್‌ನ್ಯಾಗ ಸಂಚಾರ್ ಸಾಥಿ ಆ್ಯಪ್ ಮೊದಲ ಹಾಕಿರ್ಬೇಕು ಅಂತ ಕೇಂದ್ರದ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಮಾಡಿತ್ತು, ವಿರೋಧ ಎದ್ದ ಮ್ಯಾಲ ಡಿಸೆಂಬರ್ 3ಕ್ಕ ಹಿಂದ ತಗೊಂತು. ಆ ಸೇವಾ ಉಪಯೋಗದ್ದ ಐತಿ, ಕಳವಾದ ಫೋನ್ ಬ್ಲಾಕ್ ಮಾಡಾಕ ನಾನ ಮಂದಿಗೆ ಹೇಳ್ತೀನಿ, ಆದ್ರ ಹಾಕ್ಕೊಳ್ಳೂದು ಬಿಡೂದು ಫೋನ್ ಇದ್ದವ್ರ ಕೈಯಾಗ ಇರ್ಬೇಕು.

ಅಂಗಡಿಗೆ ಹೋದಾಗ ಬಿಲ್ ಬರಸ್ಕೊಳ್ರಿ, ಅದರಾಗ ಡಿಸ್‌ಪ್ಲೇ ಅಂತಷ್ಟ ಬ್ಯಾಡ, ಸಾಫ್ಟ್ ಒಎಲ್ಇಡಿನೋ ಇನ್‌ಸೆಲ್ಲೋ ಅಂತ ಇರ್ಬೇಕು, ಎಷ್ಟು ತಿಂಗಳ ಗ್ಯಾರಂಟಿ ಅಂತ ಇರ್ಬೇಕು. ಒರಿಜಿನಲ್ ಅಂತ ರೊಕ್ಕ ತಗೊಂಡು ಕಾಪಿ ಹಾಕಿದ್ದು ಅಂತ ಗೊತ್ತಾದ್ರ, ಮೊದಲ ಅವ್ರ ಕಡೆನ ಕುಂತು ಮಾತಾಡ್ರಿ, ಬಗಿಹರೀಲಿಲ್ಲಂದ್ರ ಆ ಬಿಲ್ಲು ಮತ್ತ 'ಅನ್‌ನೋನ್ ಪಾರ್ಟ್' ಕಾಣೂ ಸ್ಕ್ರೀನ್‌ಶಾಟ್ ಇಟ್ಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡ್ರಿ, ಕನ್ನಡದಾಗ ಮಾತಾಡ್ತಾರ.